ಊರು ಬದಲಾಯಿಸಿಕೊಂಡವನ ಹೆಸರು

1791ರ ಡಿಸೆಂಬರಿನಲ್ಲಿ ಲಂಡನ್ನಿನಿಂದ ಅಮೆರಿಕದ ಅಧ್ಯಕ್ಷರಿಗೆ ಒಂದು ಪತ್ರ ಹೊರಟಿತು. ಬರೆದವರು ಸರ್ ಐಸಾಕ್ ಹರ್ಡ್. ಇಂಗ್ಲೆಂಡಿನ ದೊಡ್ಡ ಮನೆತನಗಳ ಲಾಂಛನ, ವಂಶಾವಳಿಗಳ ಲೆಕ್ಕ ಇಡುವ ಅರಮನೆಯ ಹಿರಿಯ ಅಧಿಕಾರಿ. ಅಧ್ಯಕ್ಷರ ಹಿರಿಯರು ಇಂಗ್ಲೆಂಡಿನ ಯಾವ ಕಡೆಯವರು ಎಂದು ತಿಳಿಸಬೇಕು ಎಂಬುದು ಅವರ ಕೋರಿಕೆ. ಜಾರ್ಜ್ ವಾಷಿಂಗ್ಟನ್ ಉತ್ತರ ಬರೆದದ್ದು 1792ರ ಮೇ 2ರಂದು. ಈ ವಿಷಯಕ್ಕೆ ತಾವು ಹೆಚ್ಚು ಗಮನ ಕೊಟ್ಟವರಲ್ಲ, ಕೊಡಲು ಪುರುಸೊತ್ತೂ ಇರಲಿಲ್ಲ, ಪೂರ್ವಿಕರು ಉತ್ತರದ ಯಾವುದೋ ಸೀಮೆಯಿಂದ ಬಂದರಂತೆ, ಅದು ಲ್ಯಾಂಕಾಶೈರೋ ಯಾರ್ಕ್‌ಶೈರೋ ಇನ್ನೂ ಮೇಲಿನದೋ ತಿಳಿಯದು ಎಂಬ ಅರ್ಥದ ಉತ್ತರ. ರಾಜನನ್ನು ಕಿತ್ತೊಗೆದ ದೇಶದ ಮುಖ್ಯಸ್ಥ ರಾಜನ ವಂಶಾವಳಿಗಾರನಿಗೆ ಹೀಗೆ ಬರೆದದ್ದು ಸರಿಯಾಗಿಯೇ ಇದೆ. ಆದರೆ ಗಮನ ಕೊಟ್ಟವನಲ್ಲ ಎಂದ ಇದೇ ಮನುಷ್ಯ ತನ್ನ ಸಾರೋಟಿನ ಮೇಲೆ, ಬೆಳ್ಳಿ ಪಾತ್ರೆಗಳ ಮೇಲೆ, ಪುಸ್ತಕಗಳ ಒಳರಟ್ಟಿನ ಮೇಲೆ ಮನೆತನದ ಲಾಂಛನವನ್ನು ಹಾಕಿಸಿಕೊಂಡಿದ್ದ. ಎರಡು ಕೆಂಪು ಪಟ್ಟಿ, ಮೇಲೆ ಮೂರು ಕೆಂಪು ನಕ್ಷತ್ರ.

  

ಹರ್ಡ್ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಸಿಗಲು ಸುಮಾರು ನೂರು ವರ್ಷ ಬೇಕಾಯಿತು. ಸಿಕ್ಕಿದ ಉತ್ತರ ಅಧ್ಯಕ್ಷರ ಊಹೆಗೆ ಹತ್ತಿರವೇ ಇತ್ತು.

ಇಂಗ್ಲೆಂಡಿನ ಈಶಾನ್ಯದಲ್ಲಿ, ವಿಯರ್ ನದಿಗೆ ಸಮೀಪದಲ್ಲಿ ವಾಷಿಂಗ್ಟನ್ ಎಂಬ ಊರಿದೆ. ಈಗ ಅದು ಸಂಡರ್‌ಲ್ಯಾಂಡ್ ನಗರಾಡಳಿತಕ್ಕೆ ಸೇರಿದೆ. 1974ರವರೆಗೆ ಡರಮ್ ಕೌಂಟಿಯಲ್ಲಿತ್ತು. ಹ್ವಾಸ ಎಂಬಾತನ ಕಡೆಯವರು ನೆಲೆಸಿದ ಹೊಲಮನೆ ಎಂಬುದು ಈ ಹೆಸರಿಗೆ ವಿದ್ವಾಂಸರು ಸಾಮಾನ್ಯವಾಗಿ ಕೊಡುವ ವಿವರಣೆ. ಹ್ವಾಸ ಯಾರೋ ಏನೋ, ಆಂಗ್ಲೋ-ಸ್ಯಾಕ್ಸನ್ ಕಾಲದ ಒಬ್ಬ ಒಕ್ಕಲು ಯಜಮಾನ ಎಂದಿಟ್ಟುಕೊಂಡರೆ ಸಾಕು. ಈ ಹೆಸರು ಮನುಷ್ಯರಿಗೆ ಅಂಟಿದ ಬಗೆಯೇ ಹೆಚ್ಚು ಸ್ವಾರಸ್ಯದ್ದು. ಡರಮ್ಮಿನ ಬಿಷಪ್ ಹ್ಯೂ ದು ಪ್ಯುಸೆ 1183ರಲ್ಲಿ ತನ್ನ ಜಮೀನುಗಳ ಒಂದು ಸರ್ವೆ ಮಾಡಿಸಿದ. ಬೋಲ್ಡನ್ ಪುಸ್ತಕ ಎಂದು ಅದಕ್ಕೆ ಹೆಸರು. ವಿಲಿಯಂ ದ ಹರ್ಟ್‌ಬರ್ನ್ ಎಂಬ ಜಮೀನುದಾರ ತನ್ನ ಹರ್ಟ್‌ಬರ್ನ್ ಗ್ರಾಮವನ್ನು ಬಿಷಪ್ಪನಿಗೆ ಬಿಟ್ಟುಕೊಟ್ಟು ಬದಲಿಗೆ ವಾಷಿಂಗ್ಟನ್ ಗ್ರಾಮವನ್ನು ಪಡೆದಿದ್ದಾನೆ ಎಂದು ಅದರಲ್ಲಿ ದಾಖಲಾಗಿದೆ. ವರ್ಷಕ್ಕೆ 4 ಪೌಂಡ್ ಗೇಣಿ; ಜೊತೆಗೆ ಬಿಷಪ್ಪನ ದೊಡ್ಡ ಬೇಟೆಗೆ ನಾಲ್ಕು ಬೇಟೆನಾಯಿಗಳೊಂದಿಗೆ ಹಾಜರಾಗುವ ಊಳಿಗ.

ಜಮೀನು ಬದಲಾದಂತೆ ಹೆಸರೂ ಬದಲಾಯಿತು. ಹರ್ಟ್‌ಬರ್ನಿನ ವಿಲಿಯಂ ವಾಷಿಂಗ್ಟನ್ನಿನ ವಿಲಿಯಂ ಆದ. ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲಿನ ಶತಮಾನಗಳಲ್ಲಿ ಜಮೀನುಳ್ಳವರಿಗೆ ಹೀಗೆ ಹಿಡುವಳಿಯ ಹೆಸರೇ ಗುರುತು. ಅಪ್ಪನ ಜಮೀನು ಮಗನಿಗೆ ಹೋದ ಹಾಗೆ ಹೆಸರೂ ಹೋಗಿ, ನಿಧಾನವಾಗಿ ಅದು ವಂಶದ ಸ್ವತ್ತಾಯಿತು. ಸಾಮಾನ್ಯ ಜನರಿಗೆ ಊರ ಹೆಸರು ಬಂದದ್ದು ಇನ್ನೊಂದು ದಾರಿಯಲ್ಲಿ, ಊರು ಬಿಟ್ಟ ಮೇಲೆ. ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಬ್ಬಳ್ಳಿಯಲ್ಲೇ ಇದ್ದವರನ್ನು ಹುಬ್ಬಳ್ಳಿಯವರು ಎಂದು ಯಾರೂ ಕರೆಯುವುದಿಲ್ಲ. ಗದಗಿಗೋ ಬೆಳಗಾವಿಗೋ ಹೋಗಿ ನೆಲೆಸಿದರೆ ಮೂರನೆಯ ತಲೆಮಾರಿಗೆ ಹುಬ್ಬಳ್ಳಿ ಎಂಬುದು ಅಡ್ಡಹೆಸರಾಗಿ ಶಾಲೆಯ ರಿಜಿಸ್ಟರಿಗೇರುತ್ತದೆ.

ಹೀಗಾಗಿ ಈ ಮನೆತನದ ಮೊದಲ ವಾಷಿಂಗ್ಟನ್ ಹುಟ್ಟಿನಿಂದ ವಾಷಿಂಗ್ಟನ್ ಆಗಿರಲಿಲ್ಲ. ಹೆಸರು ರಕ್ತದಲ್ಲಿ ಹರಿದು ಬರುತ್ತದೆ ಎಂದು ನಂಬಿದವರು ಈ ಮನೆತನದ ಮೂಲವನ್ನು ಹುಡುಕುತ್ತ ಹೋದರೆ ಕಡೆಗೆ ಕಾಣುವುದು ಒಂದು ಜಮೀನಿನ ಅದಲುಬದಲು ಪತ್ರ. ಮುಂದಿನ ಕಥೆಯೂ ಹೆಚ್ಚು ಕಡಿಮೆ ಹೀಗೆಯೇ ಇದೆ.

ಡರಮ್ ಕಡೆಯಲ್ಲಿ ಈ ಹೆಸರು ಕೆಲಕಾಲ ದೊಡ್ಡದಾಗಿಯೇ ಇತ್ತು. 1416ರಿಂದ 1446ರವರೆಗೆ ಡರಮ್ ಮಠದ ಮುಖ್ಯಸ್ಥನಾಗಿದ್ದವನು ಜಾನ್ ವೆಸಿಂಗ್ಟನ್. ಕಾಗುಣಿತದ ಚಿಂತೆ ಆಗ ಯಾರಿಗೂ ಇರಲಿಲ್ಲ. ಅಷ್ಟು ಹೊತ್ತಿಗೆ ಮೂಲ ಊರಿನ ಮನೆ ಹೆಣ್ಣುಮಗಳ ಮದುವೆಯ ಮೂಲಕ ಬೇರೆ ಮನೆತನಕ್ಕೆ ಹೋಗಿತ್ತು, 1613ರಲ್ಲಿ ಅದನ್ನು ಮತ್ತೆ ಬಿಷಪ್ಪನಿಗೇ ಮಾರಲಾಯಿತು. ಹೆಸರನ್ನು ಉಳಿಸಿದ್ದು ಹಿಸ್ಸೆ ಸಿಗದೆ ಹೊರಬಿದ್ದ ಕಿರಿಯ ಕವಲುಗಳು. ಅದರಲ್ಲೊಂದು ಮದುವೆಯಿಂದ ಬಂದ ಜಮೀನಿನ ಬೆನ್ನು ಹತ್ತಿ ದೇಶದ ಪಶ್ಚಿಮ ಕರಾವಳಿಗೆ, ಲ್ಯಾಂಕಾಶೈರಿನ ವಾರ್ಟನ್ನಿಗೆ ಬಂತು. ಅಲ್ಲಿನ ಚರ್ಚಿನ ಗೋಪುರದಲ್ಲಿ ಅದೇ ಪಟ್ಟಿ, ಅದೇ ನಕ್ಷತ್ರದ ಲಾಂಛನ ಇದೆ. ಅಲ್ಲಿಂದ ಲಾರೆನ್ಸ್ ವಾಷಿಂಗ್ಟನ್ ಎಂಬ ಯುವಕ ದಕ್ಷಿಣಕ್ಕಿಳಿದು ನಾರ್ಥಾಂಪ್ಟನ್ನಿನಲ್ಲಿ ಉಣ್ಣೆಯ ವ್ಯಾಪಾರಕ್ಕೆ ಕೈಹಾಕಿದ. ಉಣ್ಣೆ ಆ ಕಾಲದ ಇಂಗ್ಲೆಂಡಿನ ಬಂಗಾರ. ಲಾರೆನ್ಸ್ 1532ರಲ್ಲಿ, ಮತ್ತೆ 1545ರಲ್ಲಿ ಊರಿನ ಮೇಯರ್ ಆದ. ಈ ಎರಡು ಅವಧಿಗಳ ನಡುವೆ ಎಂಟನೆಯ ಹೆನ್ರಿ ಕ್ರೈಸ್ತ ಮಠಗಳನ್ನು ಮುಚ್ಚಿ ಅವುಗಳ ಆಸ್ತಿಯನ್ನು ಹರಾಜಿಗಿಟ್ಟ. 1539ರಲ್ಲಿ ಲಾರೆನ್ಸ್ 324 ಪೌಂಡ್ ಚಿಲ್ಲರೆ ಕೊಟ್ಟು ಸಲ್ಗ್ರೇವ್ ಎಂಬ ಹಳ್ಳಿಯ ಜಮೀನುದಾರಿಕೆಯನ್ನು ಕೊಂಡ, ಮನೆ ಕಟ್ಟಿಸಿದ. ಆ ಮನೆ ಇವತ್ತಿಗೂ ಇದೆ. ಬ್ರಿಟನ್ ಮತ್ತು ಅಮೆರಿಕದ ನಡುವಿನ ನೂರು ವರ್ಷದ ಶಾಂತಿಯ ನೆನಪಿಗಾಗಿ ಅದನ್ನು 1914ರಲ್ಲಿ ಕೊಂಡು, 1921ರಲ್ಲಿ ಜನರಿಗೆ ತೆರೆದರು.

ಮೇಯರನ ಮೊಮ್ಮಕ್ಕಳ ಕಾಲಕ್ಕೆ ದುಡ್ಡು ಕರಗಿತ್ತು. 1610ರಲ್ಲಿ ಸಲ್ಗ್ರೇವ್ ಸಂಬಂಧಿಕರೊಬ್ಬರ ಪಾಲಾಯಿತು. ಜಮೀನಿನಿಂದ ಹುಟ್ಟಿದ ಹೆಸರಿಗೆ ಈಗ ಜಮೀನೇ ಇಲ್ಲ.

ಈ ಇಳಿಜಾರಿನಲ್ಲಿ ಹುಟ್ಟಿದವನು ಇನ್ನೊಬ್ಬ ಲಾರೆನ್ಸ್. ಓದಿನಲ್ಲಿ ಜಾಣ. ಆಕ್ಸ್‌ಫರ್ಡಿನ ಬ್ರೇಸ್‌ನೋಸ್ ಕಾಲೇಜಿನಲ್ಲಿ ಫೆಲೋ ಆದ. ಫೆಲೋಗಳು ಮದುವೆಯಾಗುವಂತಿಲ್ಲ ಎಂಬುದು ಅಲ್ಲಿನ ನಿಯಮ. ಲಾರೆನ್ಸ್ ಆಂಫಿಲಿಸ್ ಟ್ವಿಗ್ಡನ್ ಎಂಬುವಳನ್ನು ವರಿಸಿ, ಎಸೆಕ್ಸಿನ ಪರ್ಲೀ ಗ್ರಾಮದಲ್ಲಿ ಪಾದ್ರಿಯಾಗಿ ನೆಲೆಸಿದ. ಒಳ್ಳೆಯ ಆದಾಯದ ಚರ್ಚು. ಹತ್ತು ವರ್ಷ ಸುಖವಾಗಿತ್ತು. ಅಷ್ಟರಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಅಂತರ್ಯುದ್ಧ ಹತ್ತಿತು. ರಾಜನ ಕಡೆಯವರೆಂದು ಅನುಮಾನ ಬಂದ ಪಾದ್ರಿಗಳನ್ನು ಪ್ಯೂರಿಟನ್ನರು ಒಬ್ಬೊಬ್ಬರಾಗಿ ಕಿತ್ತುಹಾಕಿದರು. 1643ರಲ್ಲಿ ಲಾರೆನ್ಸನ ಸರದಿ. ಹೆಂಡದಂಗಡಿಗೆ ಹೋಗುತ್ತಾನೆ, ಕುಡಿಯುತ್ತಾನೆ, ಇತರರಿಗೂ ಕುಡಿಸುತ್ತಾನೆ ಎಂಬುದು ಆರೋಪ. ಆತ ಸಂಭಾವಿತ, ಸಂಯಮಿ ಎಂದು ನೆರೆಯ ನ್ಯಾಯಾಧಿಕಾರಿಯೊಬ್ಬ ಹೇಳಿದ್ದೂ ದಾಖಲಾಗಿದೆ. ಕುಡಿಯುತ್ತಿದ್ದನೋ ಇಲ್ಲವೋ, ಆ ಕಾಲದ ಆರೋಪಪಟ್ಟಿಗಳನ್ನು ನೋಡಿದರೆ ರಾಜನಿಷ್ಠ ಪಾದ್ರಿಗಳೆಲ್ಲ ಕುಡುಕರೇ ಆಗಿರುವುದು ವಿಚಿತ್ರ. ಲಾರೆನ್ಸ್ ಯಾರಿಗೂ ಬೇಡವಾದ ಬಡ ಚರ್ಚೊಂದರಲ್ಲಿ ಉಳಿದ ದಿನ ಕಳೆದು 1653ರ ಜನವರಿಯಲ್ಲಿ ಮಾಲ್ಡನ್ ಪೇಟೆಯಲ್ಲಿ ತೀರಿಕೊಂಡ. ಎರಡು ವರ್ಷಕ್ಕೆ ಆಂಫಿಲಿಸ್ ಕೂಡ ಟ್ರಿಂಗ್ ಎಂಬಲ್ಲಿ ಸತ್ತಳು.

ಹಿರಿಯ ಮಗ ಜಾನ್. ಅಪ್ಪನ ಚರ್ಚು ಉಳಿದಿದ್ದರೆ ಅವನೂ ಆಕ್ಸ್‌ಫರ್ಡಿಗೆ ಹೋಗುತ್ತಿದ್ದನೇನೋ. 1656ರಲ್ಲಿ ಆತ ಎಡ್ವರ್ಡ್ ಪ್ರೆಸ್ಕಾಟ್ ಎಂಬ ವ್ಯಾಪಾರಿಯ 'ಸೀ ಹಾರ್ಸ್' ಹಡಗನ್ನು ಏರಿದ. ಹಡಗಿನಲ್ಲಿ ಅವನದು ಸಹಾಯಕ ಅಧಿಕಾರಿಯ ಕೆಲಸ, ವ್ಯಾಪಾರದಲ್ಲಿ ಸಣ್ಣ ಪಾಲು. ಯುರೋಪಿನ ಸರಕನ್ನು ವರ್ಜೀನಿಯಾದಲ್ಲಿ ಮಾರಿ ತಂಬಾಕು ತುಂಬಿಕೊಂಡು ಮರಳುವುದು ಯೋಜನೆ. 1657ರ ಆರಂಭದಲ್ಲಿ, ತಂಬಾಕು ತುಂಬಿದ ಹಡಗು ಪೊಟೊಮ್ಯಾಕ್ ನದಿಯಲ್ಲಿ ಬಿರುಗಾಳಿಗೆ ಸಿಕ್ಕಿ ನೆಲಕಚ್ಚಿತು. ಹಡಗನ್ನು ಮತ್ತೆ ತೇಲಿಸುವಷ್ಟರಲ್ಲಿ ಜಾನ್‌ಗೆ ಸ್ಥಳೀಯ ಜಮೀನುದಾರ ನಥಾನಿಯಲ್ ಪೋಪ್ ಮತ್ತು ಅವನ ಮಗಳು ಆನ್ ಪರಿಚಯವಾಗಿದ್ದರು. ಜಾನ್ ವಾಪಸು ಹೋಗಲಿಲ್ಲ. ಮಾವ ಮದುವೆಯ ಉಡುಗೊರೆಯಾಗಿ 700 ಎಕರೆ ಕೊಟ್ಟ.

ಪ್ರೆಸ್ಕಾಟ್ ಜೊತೆಗಿನ ಲೆಕ್ಕ ಮಾತ್ರ ಸುಲಭಕ್ಕೆ ಹರಿಯಲಿಲ್ಲ. 1659ರಲ್ಲಿ ಇನ್ನೊಂದು ಯಾನದಲ್ಲಿ ಪ್ರೆಸ್ಕಾಟನ ಹಡಗಿನ ಮೇಲೆ ಎಲಿಜಬೆತ್ ರಿಚರ್ಡ್‌ಸನ್ ಎಂಬ ಹೆಂಗಸನ್ನು ಮಾಟಗಾತಿಯೆಂದು ಗಲ್ಲಿಗೇರಿಸಿದರು. ಜಾನ್ ಮೇರಿಲ್ಯಾಂಡಿನ ನ್ಯಾಯಾಲಯದಲ್ಲಿ ದೂರು ಹಾಕಿದ. ವಿಚಾರಣೆಯ ದಿನ ಗೊತ್ತಾಯಿತು, ಆದರೆ ಅದೇ ಹೊತ್ತಿಗೆ ಜಾನ್ ಮಗನ ದೀಕ್ಷಾಸ್ನಾನ ಇಟ್ಟುಕೊಂಡಿದ್ದ. ಸಂಬಂಧಿಕರನ್ನೆಲ್ಲ ಕರೆದಾಗಿದೆ, ಬರಲಾಗದು ಎಂದು ಗವರ್ನರಿಗೆ ಬರೆದುಕಳಿಸಿದ. ದೂರುದಾರನೇ ಇಲ್ಲದ ಮೊಕದ್ದಮೆಯಲ್ಲಿ ಪ್ರೆಸ್ಕಾಟ್ ಖುಲಾಸೆಯಾದ. ಆ ದಿನ ದೀಕ್ಷಾಸ್ನಾನವಾದ ಕೂಸು ಮೂರನೆಯ ಲಾರೆನ್ಸ್, ಜಾರ್ಜ್ ವಾಷಿಂಗ್ಟನ್ನನ ಅಜ್ಜ.

ಜಾನ್ ಮುಂದೆ ಜಮೀನಿನ ಮೇಲೆ ಜಮೀನು ಕೂಡಿಸಿದ. ಇಂಗ್ಲೆಂಡಿನಿಂದ ಒಬ್ಬ ಆಳನ್ನು ತನ್ನ ಖರ್ಚಿನಲ್ಲಿ ಕರೆಸಿದರೆ 50 ಎಕರೆ ಎಂಬ ಲೆಕ್ಕ ಆಗ ವರ್ಜೀನಿಯಾದಲ್ಲಿ ನಡೆಯುತ್ತಿತ್ತು. 1674ರಲ್ಲಿ ಆತ ಪಾಲುದಾರನೊಬ್ಬನೊಂದಿಗೆ ಪಡೆದ 5000 ಎಕರೆಯಲ್ಲೇ ಮುಂದೆ ಜಾರ್ಜ್ ವಾಷಿಂಗ್ಟನ್ನನ ತೋಟದ ಮನೆ ಮೌಂಟ್ ವರ್ನನ್ ಎದ್ದಿತು. ಸ್ಥಳೀಯ ಮೂಲನಿವಾಸಿಗಳು ಜಾನ್‌ಗೆ ಕೊನೊಟೊಕೇರಿಯಸ್ ಎಂಬ ಹೆಸರಿಟ್ಟರು. ಊರುಗಳನ್ನು ನುಂಗುವವನು ಎಂದು ಅದರ ತಾತ್ಪರ್ಯ. ಸುಮಾರು ಎಂಬತ್ತು ವರ್ಷದ ಮೇಲೆ, 1753ರಲ್ಲಿ, ಇದೇ ಹೆಸರನ್ನು ಮೂಲನಿವಾಸಿ ನಾಯಕನೊಬ್ಬ ಮರಿಮಗ ಜಾರ್ಜ್‌ಗೂ ಕೊಟ್ಟ. ಇಂಗ್ಲಿಷ್ ಅಡ್ಡಹೆಸರಿನ ಪಕ್ಕದಲ್ಲಿ ವಂಶಪಾರಂಪರ್ಯವಾಗಿ ಬಂದ ಎರಡನೆಯ ಹೆಸರು ಇದು. ವಂಶಾವಳಿಗಾರರು ಇದನ್ನು ಅಷ್ಟಾಗಿ ಎತ್ತಿ ಆಡುವುದಿಲ್ಲ.

ವಲಸೆ ಎಂದರೆ ಒಂದೇ ದಿಕ್ಕಿನ ಪ್ರಯಾಣ ಎಂದು ನಾವು ತಿಳಿದಿರುತ್ತೇವೆ. ಈ ಮನೆತನ ಒಮ್ಮೆ ಹಿಂದಕ್ಕೂ ಬಂದಿತ್ತು. ಅಜ್ಜ ಲಾರೆನ್ಸ್ 1698ರಲ್ಲಿ ಸತ್ತಾಗ ಅವನ ಹೆಂಡತಿ ಮಿಲ್ಡ್ರೆಡ್ ಇಂಗ್ಲೆಂಡಿನ ವ್ಯಾಪಾರಿ ಜಾರ್ಜ್ ಗೇಲ್‌ನನ್ನು ಮರುಮದುವೆಯಾಗಿ, ಮಕ್ಕಳನ್ನು ಕಟ್ಟಿಕೊಂಡು ಇಂಗ್ಲೆಂಡಿನ ವಾಯವ್ಯದ ವೈಟ್‌ಹೇವನ್ ಬಂದರಿಗೆ ಹೋದಳು. 1701ರಲ್ಲಿ ಅಲ್ಲೇ ಸತ್ತು, ಅಲ್ಲಿನ ಸಂತ ನಿಕೊಲಸ್ ಚರ್ಚಿನಲ್ಲಿ ಮಣ್ಣಾದಳು. ಮಗ ಅಗಸ್ಟೀನ್ ಆಪಲ್‌ಬಿ ಶಾಲೆಗೆ ಸೇರಿದ. ವರ್ಜೀನಿಯಾದ ಸಂಬಂಧಿಕರು ಸುಮ್ಮನಿದ್ದಿದ್ದರೆ ಅವನು ಕಂಬರ್‌ಲ್ಯಾಂಡಿನ ವ್ಯಾಪಾರಿಯಾಗಿ ಬಾಳಿಬಿಡುತ್ತಿದ್ದ. ಅವರು ಮಕ್ಕಳ ಪಾಲನೆಗಾಗಿ ಕೋರ್ಟು ಹತ್ತಿ ಮೂವರನ್ನೂ ಅಮೆರಿಕಕ್ಕೆ ಕರೆಸಿಕೊಂಡರು. ಅಗಸ್ಟೀನ್ ತನ್ನ ಹಿರಿಯ ಮಕ್ಕಳಿಬ್ಬರನ್ನು ಅದೇ ಆಪಲ್‌ಬಿಗೆ ಓದಲು ಕಳಿಸಿದ. 1732ರಲ್ಲಿ ಹುಟ್ಟಿದ ಜಾರ್ಜ್‌ಗೆ 11 ವರ್ಷವಾದಾಗ ಅಪ್ಪ ತೀರಿಹೋದದ್ದರಿಂದ ಅವನಿಗೆ ಆ ಭಾಗ್ಯ ಸಿಗಲಿಲ್ಲ. ಆತ ಜೀವಮಾನದಲ್ಲಿ ಸಮುದ್ರ ದಾಟಿದ್ದು ಒಮ್ಮೆ, ಅದೂ ಬಾರ್ಬಡೋಸಿಗೆ. ಮಿಲ್ಡ್ರೆಡ್ ಮಲಗಿರುವ ವೈಟ್‌ಹೇವನ್ ಮೇಲೆ 1778ರಲ್ಲಿ ಅಮೆರಿಕದ ನೌಕಾಧಿಕಾರಿ ಜಾನ್ ಪಾಲ್ ಜೋನ್ಸ್ ದಾಳಿ ಮಾಡಿದ. ತಮ್ಮ ದಂಡನಾಯಕನ ಅಜ್ಜಿಯ ಊರು ಅದು ಎಂದು ಅವನಿಗೆ ಯಾರು ಹೇಳಬೇಕು?

ಹರ್ಡ್ ವಿಷಯಕ್ಕೆ ಮರಳೋಣ. ಅಧ್ಯಕ್ಷರು ಕಳಿಸಿದ ಅಷ್ಟಿಷ್ಟು ವಿವರ ಹಿಡಿದು ಆತ ವರ್ಜೀನಿಯಾಕ್ಕೆ ಹೋದ ಜಾನ್ ಇಂಥವನೇ ಎಂದು ಗುರುತಿಸಿದ. ಅದನ್ನೇ ಎಲ್ಲರೂ ನಕಲು ಮಾಡಿದರು. ಲಂಡನ್ನಿನಲ್ಲಿ ನೆಲೆಸಿದ್ದ ಅಮೆರಿಕದ ಜೋಸೆಫ್ ಲೆಮ್ಯುಯೆಲ್ ಚೆಸ್ಟರ್ 1860ರ ದಶಕದಲ್ಲಿ ಈ ಗುರುತು ತಪ್ಪು ಎಂದು ತೋರಿಸಿಕೊಟ್ಟ. ಹರ್ಡ್ ಹೆಸರಿಸಿದ ಜಾನ್ ಇಂಗ್ಲೆಂಡಿನಲ್ಲೇ ಸರ್ ಪದವಿ ಪಡೆದು ಅಲ್ಲೇ ಸತ್ತವನು. ನಿಜವಾದ ಕೊಂಡಿ ಸಿಕ್ಕಿದ್ದು ಅಮೆರಿಕದ ಸೇಲಂ ಊರಿನ ಹೆನ್ರಿ ವಾಟರ್ಸ್‌ಗೆ. ಉಯಿಲು, ವಾರಸು ಪತ್ರಗಳ ಧೂಳಿನಲ್ಲಿ ವರ್ಷಗಟ್ಟಲೆ ಕೂತ ಆತನಿಗೆ ಟ್ರಿಂಗಿನ ಆಂಫಿಲಿಸಳ ಆಸ್ತಿಯ ಹೊಣೆಯನ್ನು ಮಗ ಜಾನ್‌ಗೆ ಒಪ್ಪಿಸಿದ 1656ರ ದಾಖಲೆ ಕಣ್ಣಿಗೆ ಬಿತ್ತು. 1889ರಲ್ಲಿ ವಾಟರ್ಸ್ ತನ್ನ ಶೋಧ ಪ್ರಕಟಿಸಿದ. ಹೆಂಡದ ಆರೋಪ ಹೊತ್ತು ಕೆಲಸ ಕಳೆದುಕೊಂಡ ಪಾದ್ರಿ ಅಮೆರಿಕದ ಮೊದಲ ಅಧ್ಯಕ್ಷರ ಮುತ್ತಜ್ಜನ ಅಪ್ಪ ಎಂಬುದು ಲೋಕಕ್ಕೆ ತಿಳಿದದ್ದು ಆಗ.

ಸಾಮಾನ್ಯವಾಗಿ ಇಂಥ ಬರಹಗಳು ಇಲ್ಲಿಗೆ ಮುಗಿಯುತ್ತವೆ. ಬೋಲ್ಡನ್ ಪುಸ್ತಕದಿಂದ ಅಮೆರಿಕದ ಮೊದಲ ಅಧ್ಯಕ್ಷರವರೆಗೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಲಾಂಛನ ಮುದ್ರಿಸಿದರೆ ಆಯಿತು. ಆದರೆ ಅಮೆರಿಕದ 2000ದ ಜನಗಣತಿಯನ್ನು ಎದುರಿಗಿಟ್ಟುಕೊಂಡರೆ ಈ ಗೆರೆ ನಗೆಪಾಟಲಾಗುತ್ತದೆ. ಆ ವರ್ಷ ವಾಷಿಂಗ್ಟನ್ ಎಂಬ ಅಡ್ಡಹೆಸರಿನವರು 1,63,036 ಮಂದಿ. ಅವರಲ್ಲಿ ನೂರಕ್ಕೆ 90 ಮಂದಿ ಕಪ್ಪು ಜನ. ಅಧ್ಯಕ್ಷರಿಗೆ ಮಕ್ಕಳಿರಲಿಲ್ಲ, ಸೋದರರ ಸಂತತಿ ಇದೆಯಾದರೂ ಈ ಸಂಖ್ಯೆಯ ಮುಂದೆ ಅದು ಲೆಕ್ಕಕ್ಕಿಲ್ಲ. ಇವತ್ತು ವಾಷಿಂಗ್ಟನ್ ಎಂದರೆ ಕಣ್ಣ ಮುಂದೆ ಬರುವ ಮುಖ ಡೆಂಜೆಲ್ ವಾಷಿಂಗ್ಟನ್. ಆತ ಹುಟ್ಟಿದ ಊರಿನ ಹೆಸರು ಮೌಂಟ್ ವರ್ನನ್, ಆದರೆ ಅದು ನ್ಯೂಯಾರ್ಕಿನಲ್ಲಿರುವ ಇನ್ನೊಂದು ಮೌಂಟ್ ವರ್ನನ್.

ಗುಲಾಮರಿಗೆ ಯಜಮಾನನ ಹೆಸರು ಬಂತು ಎಂಬುದು ಸುಲಭದ ವಿವರಣೆ, ಅರ್ಧ ಮಾತ್ರ ನಿಜ. ಯಜಮಾನರ ಪುಸ್ತಕಗಳಲ್ಲಿ ಗುಲಾಮರಿಗೆ ಅಡ್ಡಹೆಸರು ಇರುತ್ತಿರಲಿಲ್ಲ, ಹ್ಯಾರಿ, ಸೂಕಿ, ಡೇವಿ ಅಷ್ಟೇ. ತಮ್ಮತಮ್ಮೊಳಗೆ ಅನೇಕರಿಗೆ ಕುಟುಂಬದ ಹೆಸರು ಇತ್ತು, ಯಜಮಾನನ ಕಿವಿಗೆ ಬೀಳದಂತೆ ಅದನ್ನು ಕಾಪಾಡಿಕೊಂಡಿದ್ದರು ಎಂಬುದನ್ನು ಹರ್ಬರ್ಟ್ ಗಟ್‌ಮನ್‌ರಂಥ ಇತಿಹಾಸಕಾರರು ತೋರಿಸಿದ್ದಾರೆ. 1865ರಲ್ಲಿ ಬಿಡುಗಡೆ ಬಂದಾಗ ಕೂಲಿ ಕರಾರಿಗೆ, ಮದುವೆಗೆ, ಶಾಲೆಗೆ, ಮತದಾರರ ಪಟ್ಟಿಗೆ ಎಲ್ಲದಕ್ಕೂ ಎರಡು ಹೆಸರು ಬೇಕಾಯಿತು. ಕೆಲವರು ಬಚ್ಚಿಟ್ಟದ್ದನ್ನು ಹೊರತೆಗೆದರು, ಕೆಲವರು ಹಳೆಯ ಯಜಮಾನರೊಬ್ಬರ ಹೆಸರು ಉಳಿಸಿಕೊಂಡರು, ಕೆಲವರು ಹೊಸದನ್ನು ಆರಿಸಿಕೊಂಡರು. ವರ್ಜೀನಿಯಾದ ತೋಟವೊಂದರಲ್ಲಿ ಗುಲಾಮನಾಗಿ ಹುಟ್ಟಿದ ಬೂಕರ್ ಎಂಬ ಹುಡುಗ ಮೊದಲ ಸಲ ಶಾಲೆಗೆ ಹೋದಾಗ ಹಾಜರಿಯಲ್ಲಿ ಮಿಕ್ಕ ಮಕ್ಕಳಿಗೆಲ್ಲ ಎರಡೆರಡು ಹೆಸರಿರುವುದನ್ನು ಗಮನಿಸಿದ. ತನ್ನ ಸರದಿ ಬರುವಷ್ಟರಲ್ಲಿ ಒಂದನ್ನು ಹುಡುಕಿಕೊಂಡು, ಹುಟ್ಟಿದಂದಿನಿಂದ ಇದ್ದದ್ದೇ ಎಂಬಂತೆ ಬೂಕರ್ ವಾಷಿಂಗ್ಟನ್ ಎಂದುಬಿಟ್ಟ. ಅವನ ಮಲತಂದೆಯ ಮೊದಲ ಹೆಸರು ವಾಷಿಂಗ್ಟನ್. ಈ ಹುಡುಗ 1881ರಲ್ಲಿ ಟಸ್ಕೀಗಿ ಶಿಕ್ಷಣ ಸಂಸ್ಥೆಯ ಮುಖ್ಯಸ್ಥನಾಗಿ, ದೇಶದ ಅತ್ಯಂತ ಪ್ರಭಾವಿ ಕಪ್ಪು ನಾಯಕನಾಗಿ ಬೆಳೆದ ಮೇಲೆ ಅವನ ಮೇಲಿನ ಗೌರವಕ್ಕೆ ಎಷ್ಟು ಮನೆಗಳಲ್ಲಿ ಈ ಹೆಸರು ಗಟ್ಟಿಯಾಯಿತೋ! ಹರ್ಟ್‌ಬರ್ನಿನ ವಿಲಿಯಂ ಗ್ರಾಮ ಕೊಟ್ಟು ಪಡೆದ ಹೆಸರನ್ನು ಬೂಕರ್ ಬೆಂಚಿನ ಮೇಲೆ ಕೂತಲ್ಲೇ ಪಡೆದ. ಹಕ್ಕು ಯಾರದು ಹೆಚ್ಚು ಎಂದು ಕೇಳಿದರೆ ನಾನು ಬೂಕರನ ಕಡೆ.

ಕೃತಜ್ಞತೆಯಿಂದಲೂ ಹೆಸರು ದಾಟುತ್ತದೆ. ಭಾರತ ತಂಡದ ಆಫ್ ಸ್ಪಿನ್ನರ್ ವಾಷಿಂಗ್ಟನ್ ಸುಂದರ್ ಹೆಸರಿನಲ್ಲಿರುವುದು ಅಮೆರಿಕದ ಅಧ್ಯಕ್ಷರೂ ಅಲ್ಲ, ರಾಜಧಾನಿಯೂ ಅಲ್ಲ. ಚೆನ್ನೈನ ತಿರುವಲ್ಲಿಕ್ಕೇಣಿಯಲ್ಲಿ ಬಡತನದಲ್ಲಿ ಬೆಳೆದ ತಂದೆಗೆ ಶಾಲೆಯ ಫೀಜು ಕಟ್ಟಿ, ಸೈಕಲ್ಲಿನಲ್ಲಿ ಮೈದಾನಕ್ಕೆ ಕರೆದೊಯ್ದ ನಿವೃತ್ತ ಸೈನಿಕರೊಬ್ಬರ ಹೆಸರದು. ಹ್ವಾಸನ ಹೊಲಮನೆ ತಮಿಳು ಮನೆಯೊಂದರಲ್ಲಿ ಮೊದಲ ಹೆಸರಾಗಿ ಕೂತಿದೆ.

ಈ ಹೆಸರು ಹೊತ್ತ ಎಲ್ಲರ ಪೈಕಿ ನನಗೆ ಅತಿ ದೂರ ನಡೆದವನಾಗಿ ಕಾಣುವುದು ಹ್ಯಾರಿ ವಾಷಿಂಗ್ಟನ್. ಆಫ್ರಿಕದ ಗ್ಯಾಂಬಿಯಾ ಸೀಮೆಯಲ್ಲಿ 1740ರ ಸುಮಾರಿಗೆ ಹುಟ್ಟಿದವನು. ಗುಲಾಮರ ಹಡಗಿನಲ್ಲಿ ಬಂದ ಅವನನ್ನು 1763ರಲ್ಲಿ ಜಾರ್ಜ್ ವಾಷಿಂಗ್ಟನ್ ಕೊಂಡ. ಮೌಂಟ್ ವರ್ನನ್ನಿನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸ. ಒಮ್ಮೆ ಓಡಿಹೋಗಿ ಸಿಕ್ಕಿಬಿದ್ದ. ಯಜಮಾನ ಸ್ವಾತಂತ್ರ್ಯದ ಸೇನೆ ಕಟ್ಟುತ್ತಿದ್ದ 1776ರಲ್ಲಿ ಹ್ಯಾರಿ ಮತ್ತೆ ಓಡಿದ, ಈ ಸಲ ಬ್ರಿಟಿಷರ ಕಡೆಗೆ. ತಮ್ಮಲ್ಲಿಗೆ ಬಂದ ಗುಲಾಮರಿಗೆ ಬಿಡುಗಡೆ ಎಂದು ಅವರು ಸಾರಿದ್ದರು. ಯುದ್ಧ ಮುಗಿದ ಮೇಲೆ 1783ರಲ್ಲಿ ವಾಷಿಂಗ್ಟನ್ ಬ್ರಿಟಿಷ್ ದಂಡನಾಯಕ ಗೈ ಕಾರ್ಲ್‌ಟನ್ ಎದುರು ಕೂತು ಓಡಿಹೋದ ಗುಲಾಮರನ್ನು ಹಿಂದಿರುಗಿಸುವಂತೆ ಕೇಳಿದ. ಕೊಟ್ಟ ಮಾತು ಮುರಿಯಲಾಗದು ಎಂದು ಕಾರ್ಲ್‌ಟನ್ ಒಪ್ಪಲಿಲ್ಲ. ನ್ಯೂಯಾರ್ಕಿನಿಂದ ಹೊರಡುವವರ ಪಟ್ಟಿಯಲ್ಲಿ 43 ವರ್ಷದ ಹ್ಯಾರಿ ವಾಷಿಂಗ್ಟನ್ನನ ಹೆಸರಿದೆ, ಹಿಂದೆ ಯಾರ ಗುಲಾಮ ಎಂಬುದೂ ಇದೆ. ನೋವಾ ಸ್ಕೋಷಿಯಾದ ಚಳಿ, ಕಲ್ಲು ನೆಲ ಸಾಕಾಗಿ 1792ರಲ್ಲಿ ಆತ ಸಿಯೆರಾ ಲಿಯೋನಿಗೆ ಹೊರಟ ಸುಮಾರು 1200 ಜನರ ಜೊತೆ ಹಡಗು ಹತ್ತಿ ಆಫ್ರಿಕಕ್ಕೆ ಮರಳಿದ. ಅಲ್ಲಿ ಲಂಡನ್ನಿನ ಕಂಪನಿ ನೆಲಕ್ಕೆ ಕಂದಾಯ ಹೇರಿದಾಗ 1800ರಲ್ಲಿ ದಂಗೆಯೆದ್ದವರಲ್ಲಿ ಹ್ಯಾರಿಯೂ ಇದ್ದ. ಲಂಡನ್ನಿನಿಂದ ಬಂದ ತೆರಿಗೆಯ ವಿರುದ್ಧ ವಾಷಿಂಗ್ಟನ್ ಎಂಬ ಹೆಸರಿನವರು ಸಿಡಿದೆದ್ದದ್ದು ಅದು ಎರಡನೆಯ ಸಲ. ಈ ಸಲ ಗೆಲುವು ಸಿಗಲಿಲ್ಲ. ಹ್ಯಾರಿಯನ್ನು ಬುಲ್ಲೊಮ್ ತೀರಕ್ಕೆ ಗಡಿಪಾರು ಮಾಡಿದರು.

ಮೌಂಟ್ ವರ್ನನ್ನಿನಲ್ಲಿ ಉಳಿದವರ ಕಥೆ ಬೇರೆ. 1799ರಲ್ಲಿ ಅಲ್ಲಿದ್ದ ಗುಲಾಮರು 317 ಮಂದಿ. ಅವರಲ್ಲಿ 123 ಮಂದಿ ಮಾತ್ರ ಕಾನೂನಿನ ಪ್ರಕಾರ ವಾಷಿಂಗ್ಟನ್ನನ ಸ್ವಂತ. ಉಳಿದವರಲ್ಲಿ ಬಹುಪಾಲು ಹೆಂಡತಿ ಮಾರ್ಥಾಳ ಮೊದಲ ಗಂಡನ ಎಸ್ಟೇಟಿಗೆ ಸೇರಿದವರು. ತನ್ನವರನ್ನು ಮಾರ್ಥಾಳ ಕಾಲಾನಂತರ ಬಿಡುಗಡೆ ಮಾಡಬೇಕೆಂದು ಆತ ಉಯಿಲು ಬರೆದ. ಮಾರ್ಥಾ ಕಾಯದೆ 1801ರ ಜನವರಿ 1ರಂದೇ ಬಿಟ್ಟಳು. ಹೊರಬಂದವರ ಹೆಸರುಗಳನ್ನು ಹುಡುಕಿದರೆ ಅಲ್ಲಿ ಲೀ, ಗ್ರೇ, ಪಾರ್ಕರ್, ಕಾರ್ಟರ್ ಸಿಗುತ್ತವೆ; ಯಜಮಾನನ ಹೆಸರು ಬಲು ಅಪರೂಪ. ಅವರಲ್ಲೊಬ್ಬಳು ನ್ಯಾನ್ಸಿ ಕಾರ್ಟರ್. ಮುಂದೆ ಚಾರ್ಲ್ಸ್ ಕ್ವಾಂಡರ್ ಎಂಬಾತನನ್ನು ಮದುವೆಯಾದಳು. 1835ರಲ್ಲಿ ವಾಷಿಂಗ್ಟನ್ನನ ಸಮಾಧಿಯ ಸುತ್ತಲ ನೆಲ ಸರಿಪಡಿಸಲು ತಾವಾಗಿ ಬಂದ ಹಳೆಯ ಗುಲಾಮರಲ್ಲಿ ಅವಳೂ ಇದ್ದಳು. ಕ್ವಾಂಡರ್ ಎಂಬುದು ಘಾನಾ ಕಡೆಯ ಅಂಕ್ವಾಂಡೋ ಎಂಬ ಹೆಸರಿನ ಬದಲಾದ ರೂಪ ಎಂದು ಆ ಮನೆತನದವರು ಹೇಳುತ್ತಾರೆ. ಅಮೆರಿಕದಲ್ಲಿ ದಾಖಲೆಯಿರುವ ಅತಿ ಹಳೆಯ ಕಪ್ಪು ಕುಟುಂಬಗಳಲ್ಲಿ ಅವರದೂ ಒಂದು. 1926ರಿಂದ ಕುಟುಂಬದ ಸಮಾವೇಶ ನಡೆಸುತ್ತ ಬಂದಿದ್ದಾರೆ.